ಕೊಡೆರಾಯರ ಸ್ವಂತ ಸೋಲು

ಮಳೆಯಲ್ಲಿ ನೆನೆದರೆ ಬೇರೆಯವರಿಗೆ ನೆಗಡಿ ಬರುತ್ತದೆ, ನಮ್ಮ ಕೊಡೆರಾಯರಿಗೆ ಸಿಟ್ಟು ಬರುತ್ತಿತ್ತು. ಬರದೆ ಇನ್ನೇನು ಮಾಡೀತು, ನೀವೇ ಹೇಳಿ! ಬೀದಿಯಲ್ಲಿ ಎದುರಿಗೆ ಬರುವವರ ತಲೆಯ ಮೇಲೆಲ್ಲ ಗಿಳಿಹಸಿರು ಬಣ್ಣದ ಕೊಡೆ. ಆ ಕೊಡೆಗಳಷ್ಟೂ ಇವರವು. ಒಂದೊಂದನ್ನೂ ಇವರೇ ಆರಿಸಿ ತಂದದ್ದು, ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ ಇವರ ಹೆಂಡತಿಯೇ ಕೂತು ಹೊಲಿದದ್ದು. ಅಂಥ ಕೊಡೆಗಳ ಮಧ್ಯೆ ಅವುಗಳ ಮಾಲೀಕರು ತಲೆಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು, ಪ್ಯಾಂಟು ಮೊಣಕಾಲಿಗೆ ಮಡಚಿ ನಡೆಯಬೇಕು. ಸಾಲದ್ದಕ್ಕೆ ಎದುರುಮನೆಯ ನಿವೃತ್ತ ಗುಮಾಸ್ತರು ಅದೇ ಗಿಳಿಹಸಿರು ಕೊಡೆಯ ಕೆಳಗೆ ಬೆಚ್ಚಗೆ ನಿಂತು ಕೇಳುತ್ತಿದ್ದರು: "ಛೆ ಛೆ, ಹೀಗಾ ನೆನೆಯೋದು? ಈ ವಯಸ್ಸಲ್ಲಿ ಒಂದು ಕೊಡೆ ಇಟ್ಕೋಬಾರ್ದಾ ನೀವು?"

ವ್ಯಾಪಾರವೇನೋ ಸರಳವಾಗಿತ್ತು. ಬಸ್ ನಿಲ್ದಾಣದ ಪಕ್ಕ ಒಂದು ಪುಟ್ಟ ಅಂಗಡಿ. ಬೆಳಗ್ಗೆ ಬಾಡಿಗೆಗೆ ಕೊಡೆ ಒಯ್ಯಿರಿ, ಸಂಜೆ ಬಂದಿಳಿದಾಗ ವಾಪಸು ಕೊಡಿ. ಬೆಳಗ್ಗೆ ಮಳೆ ಇತ್ತು, ಜನ ಒಯ್ದರು. ಸಂಜೆ ಮಳೆ ಇರಲಿಲ್ಲ, ಜನ ಮರೆತರು. ಮರುದಿನ ಮಳೆ ಬಂದಾಗ ನೆನಪಾಯಿತು, ಮನೆಯಲ್ಲೊಂದು ಕೊಡೆ ಇದೆಯಲ್ಲ ಅಂತ. ಒಂದೇ ಮಳೆಗಾಲದಲ್ಲಿ ಅಂಗಡಿ ಬರಿದಾಯಿತು. ಕೊಡೆರಾಯರು ಮನೆಮನೆಗೆ ಹೋಗಿ ಕೇಳಿದರು, ಕೈಮುಗಿದರು. "ಕೊಡ್ತೀವಿ ಬಿಡಿ, ಎಲ್ಲಿಗೆ ಓಡಿಹೋಗ್ತೀವಿ?" ಅಂದರು ಜನ. ನಿಜವೇ, ಯಾರೂ ಎಲ್ಲಿಗೂ ಓಡಿಹೋಗಲಿಲ್ಲ. ಅವರ ಕಣ್ಣೆದುರಿಗೇ, ಅವರ ಕೊಡೆ ಹಿಡಿದುಕೊಂಡೇ ಓಡಾಡಿಕೊಂಡಿದ್ದರು. ಕ್ಷೌರದಂಗಡಿಯವನಂತೂ ಕೊಡೆಯನ್ನು ಬಾಗಿಲ ಮುಂದೆ ಕಂಬಕ್ಕೆ ಕಟ್ಟಿ, ಕೆಳಗೆ ಬೆಂಚು ಹಾಕಿ, ಕಾಯುವ ಗಿರಾಕಿಗಳಿಗೆ ನೆರಳು ಮಾಡಿಕೊಟ್ಟಿದ್ದ. ಧೈರ್ಯ ನೋಡಿ!

ಹೀಗೆ ನೆಲಕಚ್ಚಿದ ಮೇಲೆ ಕೊಡೆರಾಯರು ಭಾವಮೈದುನನ ಪರದೆ ಬಟ್ಟೆ ಅಂಗಡಿ ಸೇರಿದರು. ಭಾವಮೈದುನ ಅಂದರೆ ಹೆಂಡತಿಯ ತಮ್ಮ. ಬಾಯಲ್ಲಿ ಭಾರಿ ಮರ್ಯಾದೆ. "ಭಾವ, ದಯವಿಟ್ಟು ಏಣಿ ಹತ್ತಿ." "ಭಾವ, ಆ ಮೇಲಿನ ಸುರುಳಿ ಇಳಿಸಿ ಕೊಡ್ತೀರಾ?" ಆದರೆ ಗಿರಾಕಿ ಯಾರಾದರೂ "ಇವರು ಯಾರು?" ಅಂತ ಕೇಳಿಬಿಟ್ಟರೆ ಮುಗಿಯಿತು. "ನಮ್ಮಕ್ಕನ ಯಜಮಾನ್ರು. ಕೊಡೆ ವ್ಯಾಪಾರದಲ್ಲಿ ಮುಳುಗಿದವರು," ಅಂತ ಪರದೆಯ ಬೆಲೆ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದ. ಕೊಡೆರಾಯರು ಏಣಿಯ ಮೇಲೆ ನಿಂತು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ಅಕ್ಕನ ಮನೆಗೆ ಊಟಕ್ಕೆ ಬಂದಾಗಲೂ ಅದೇ ಮಾತು. ಇವರ ತಟ್ಟೆಗೆ ಎರಡನೇ ಸಲ ಬಡಿಸುವ ಹೊತ್ತಿಗೆ ಸರಿಯಾಗಿ, "ಅಲ್ಲ ಭಾವ, ಕೊಡೇನ ಯಾರಾದ್ರೂ ನಂಬಿ ಕೊಡ್ತಾರಾ?" ಅನ್ನುತ್ತಿದ್ದ. ಅಲ್ಲಿಗೆ ಇವರ ಊಟ ಮುಗಿಯುತ್ತಿತ್ತು. ಅವರಿಗಿದ್ದ ಆಸೆ ಒಂದೇ: ಸ್ವಂತದ್ದೊಂದು ಅಂಗಡಿ ಮತ್ತೆ ತೆರೆಯಬೇಕು, ಈ ಏಣಿಯಿಂದ ಇಳಿಯಬೇಕು, ಮೈದುನನ ಎದುರು ತಲೆಯೆತ್ತಿಕೊಂಡು ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬೇಕು.

ಹೀಗಿರುವಾಗ ಊರಿನ ದೊಡ್ಡ ಸಭಾಂಗಣದಲ್ಲಿ ಪ್ರಾದೇಶಿಕ ಉದ್ಯಮಶೀಲತೆ ಮತ್ತು ಬಂಡವಾಳ ಹೂಡಿಕೆ ಸಮ್ಮೇಳನ ನಡೆಯಿತು. ವೇದಿಕೆಯ ಪರದೆ ಒದಗಿಸಿದ್ದು ಭಾವಮೈದುನನೇ ಆದ್ದರಿಂದ ಅವನಿಗೆ ಪಾಸು ಸಿಕ್ಕಿತ್ತು. "ನೀವೂ ಬನ್ನಿ ಭಾವ, ಗೆದ್ದೋರು ಹೇಗಿರ್ತಾರೆ ಅಂತ ಒಂದ್ಸಲ ನೋಡಿ," ಅಂದ.

ಕೊಡೆರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೆದ್ದವರನ್ನು ನೋಡಲು ಹೋದರು. ಮೊದಲ ಭಾಷಣಕಾರ್ತಿ ಬಂದರು. ಹೊಳೆಯುವ ಕೋಟು, ಕಿವಿಗೆ ಸಿಕ್ಕಿಸಿದ ಮೈಕು. "ನಾನು ಎರಡು ಕಂಪನಿ ಮುಚ್ಚಿದ್ದೀನಿ," ಅಂದರು. ಚಪ್ಪಾಳೆ! ಕೊಡೆರಾಯರಿಗೆ ಅರ್ಥವಾಗಲಿಲ್ಲ. ತಮ್ಮ ಕಿವಿಯೇ ಸರಿಯಿಲ್ಲವೇನೋ ಅಂದುಕೊಂಡರು. ಎರಡನೆಯವರು ಬಂದು, "ನಾನು ನಾಲ್ಕು ಸಲ ಸೋತಿದ್ದೀನಿ, ನಾಲ್ಕನೇ ಸಲ ಹೂಡಿಕೆದಾರರೆಲ್ಲ ಸೇರಿ ನನ್ನನ್ನ ಆಫೀಸಿಂದ ಎತ್ತಿ ಹೊರಗೆ ಹಾಕಿದ್ರು," ಅಂದರು. ಇನ್ನೂ ಜೋರು ಚಪ್ಪಾಳೆ! ಹರಾಜು ಕೂಗಿದ ಹಾಗೆ ಸೋಲು ಏರುತ್ತಾ ಹೋಯಿತು. ಕೊನೆಗೆ ದಿನದ ಮುಖ್ಯ ಭಾಷಣಕಾರರು ಬಂದರು. ಬೂದು ಗಡ್ಡ, ಬಿಳಿ ಶೂ, ಹಿಂದೆ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಅವರದೇ ಮುಖ. ಅವರು ಸುಮ್ಮನೆ ನಿಂತು, ಏಳು ಬೆರಳು ಎತ್ತಿ ತೋರಿಸಿದರು. ಮಾತೇ ಇಲ್ಲ! ಸಭೆ ಎದ್ದು ನಿಂತಿತು.

ಕೊಡೆರಾಯರು ಪಕ್ಕಕ್ಕೆ ತಿರುಗಿ ನೋಡಿದರೆ, ಅವರ ಭಾವಮೈದುನ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. "ಎಂಥಾ ಮನುಷ್ಯ ಭಾವ! ಏಳು ಸಲ! ಏಳು ಸಲ ಮುಳುಗಿದ್ದಾರೆ!"

ಪಿತ್ತ ನೆತ್ತಿಗೇರಿತು ಅನ್ನುತ್ತಾರಲ್ಲ, ಅದೇ ಆಯಿತು. ಏಳು ಸಲ ಮುಳುಗಿದವನಿಗೆ ಕಣ್ಣೀರು, ಒಂದೇ ಸಲ ಮುಳುಗಿದವನಿಗೆ ಏಣಿಯಾ? ಇದು ಯಾವ ಊರಿನ ನ್ಯಾಯ? ಪ್ರಶ್ನೋತ್ತರದ ಹೊತ್ತಿಗೆ ಮೈಕು ಸಾಲಿನಲ್ಲಿ ಬಂದದ್ದೇ ತಡ, ಕೊಡೆರಾಯರು ಅದನ್ನು ಕಸಿದುಕೊಂಡು ನಿಂತುಬಿಟ್ಟರು. ಭಾವಮೈದುನ ಅಂಗಿಯ ಚುಂಗು ಹಿಡಿದು ಎಳೆದ. ಇವರು ಕೂರಲಿಲ್ಲ.

"ಸ್ವಾಮಿ, ನಿಮ್ಮ ಏಳು ಸೋಲಲ್ಲಿ ಒಂದಾದ್ರೂ ಸ್ವಂತ ದುಡ್ಡಲ್ಲಿ ಸೋತಿದ್ದಾ?"

ಸಭೆ ನಕ್ಕಿತು. ಏಳುಸೋಲಿನವರೂ ನಕ್ಕರು, ಆದರೆ ಸ್ವಲ್ಪ ತಡವಾಗಿ.

"ನಾನು ಸೋತಿದ್ದು ಒಂದೇ ಸಲ. ಅಚ್ಚುಕಟ್ಟಾಗಿ ಸೋತಿದ್ದೀನಿ. ಕೊಡೆ ಬಾಡಿಗೆಗೆ ಕೊಟ್ಟೆ, ಒಬ್ಬನೂ ವಾಪಸ್ ಕೊಡ್ಲಿಲ್ಲ. ನನಗೆ ಯಾರೂ ಚಪ್ಪಾಳೆ ತಟ್ಟಿಲ್ಲ. ಇಲ್ಲಿ ಕೂತಿದಾನಲ್ಲ, ಈ ನನ್ನ ಮೈದುನ, ಊಟಕ್ಕೆ ಕೂತಾಗಲೆಲ್ಲ ಹಂಗಿಸ್ತಾನೆ!"

"ಆ ಕೊಡೆಗಳು ಈಗ ಎಲ್ಲಿವೆ?" ಏಳುಸೋಲಿನವರು ಕೇಳಿದರು.

"ಎಲ್ಲಿ ಅಂದ್ರೆ? ಎಲ್ಲಾ ಕಡೆ! ಇಡೀ ಬಡಾವಣೇನೇ ನನ್ನ ಕೊಡೆ ಕೆಳಗಿದೆ! ಇಷ್ಟು ವರ್ಷ ಆದ್ರೂ ಒಬ್ಬ ಬಿಡ್ತಿಲ್ಲ! ಕೈಮುಗಿದು ಕೇಳಿದ್ರೂ ಬಿಡ್ತಿಲ್ಲ!"

ಏಳುಸೋಲಿನವರ ಹುಬ್ಬು ಮೇಲೇರಿತು. ವೇದಿಕೆಯ ಅಂಚಿಗೆ ಬಂದರು. "ಕೇಳಿಸ್ಕೊಂಡ್ರಾ?" ಅಂತ ಸಭೆಯನ್ನು ಕೇಳಿದರು. "ವರ್ಷಾನುಗಟ್ಟಲೆ ಆದ್ರೂ ಗ್ರಾಹಕರು ಬಿಡ್ತಿಲ್ಲ. ಕೈಮುಗಿದರೂ ಬಿಡ್ತಿಲ್ಲ! ನಾವೆಲ್ಲ ಗ್ರಾಹಕರನ್ನ ಹಿಡಿದಿಟ್ಕೊಳ್ಳೋಕೆ ಒದ್ದಾಡ್ತೀವಿ. ಇಲ್ಲಿ ಗ್ರಾಹಕರೇ ಇವರನ್ನ ಹಿಡಿದಿಟ್ಕೊಂಡಿದ್ದಾರೆ. ಯಜಮಾನರೇ, ಇದು ಸೋಲಲ್ಲ. ಇದು ನಿಷ್ಠೆ!"

ಸಭಾಂಗಣ ಹಾರಿಹೋಗುವಂಥ ಚಪ್ಪಾಳೆ. ಜಗಳವಾಡಲು ಎದ್ದ ಕೊಡೆರಾಯರು ಏನು ಮಾಡಬೇಕೋ ತೋಚದೆ ತಾವೂ ತಟ್ಟಿದರು. ಇಷ್ಟರಲ್ಲಿ ಏಳುಸೋಲಿನವರು ಬೆರಳು ತೋರಿಸಿ ಘೋಷಿಸಿಯೇಬಿಟ್ಟರು: "ಬರೋ ಭಾನುವಾರ ನಾನೇ ಬರ್ತೀನಿ. ಅಷ್ಟು ಜನ ಬಳಸ್ತಿರೋದನ್ನ ಕಣ್ಣಾರೆ ನೋಡಿದ್ರೆ, ಬಂಡವಾಳ ನಂದು!"

ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಬಟ್ಟೆ ಸುರುಳಿಗಳ ಜೊತೆ ಕೂತು ಬಂದಿದ್ದ ಕೊಡೆರಾಯರಿಗೆ, ಹೋಗುವಾಗ ಭಾವಮೈದುನ ಮುಂದಿನ ಬಾಗಿಲು ತೆಗೆದು ಹಿಡಿದ. ಮರುದಿನ ಅಂಗಡಿಯಲ್ಲಿ ಏಣಿ ಹತ್ತಲು ಹೋದರೆ, "ಬೇಡ ಭಾವ, ಬೇಡ, ಕೂತ್ಕೊಳ್ಳಿ!" ಅಂತ ತಾನೇ ಹತ್ತಿದ. ಮೂರನೇ ಮೆಟ್ಟಿಲಿನಿಂದ ಜಾರಿ ಬಿದ್ದ, ಆದರೂ ನಗುತ್ತಲೇ ಬಿದ್ದ. ಗೌರವ ಅಂದರೆ ಹಾಗಿರಬೇಕು.

ಕೊಡೆರಾಯರ ಹೆಂಡತಿ ಮಾತ್ರ ನಂಬಲಿಲ್ಲ. "ರೀ, ಅವರು ಕೊಡೆ ನೋಡೋಕೆ ಬರ್ತಾರೋ, ನಿಮ್ಮನ್ನ ನೋಡಿ ನಗೋಕೆ ಬರ್ತಾರೋ?"

"ಕಣ್ಣಾರೆ ನೋಡ್ತೀನಿ ಅಂದ್ರು ಕಣೇ. ನೋಡೋಕೇನು ಬರವಾ? ಬಾಗಿಲು ತೆಗೆದ್ರೆ ಸಾಕು, ಬೀದಿ ತುಂಬಾ ನಮ್ಮ ಕೊಡೇನೇ."

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬಿಡುತ್ತಾನೆಯೇ ಭಾವಮೈದುನ? ಉಪಕಾರ ಮಾಡುವ ಉತ್ಸಾಹದಲ್ಲಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾರಿಕೊಂಡು ಬಂದ: "ಭಾನುವಾರ ದೊಡ್ಡೋರು ಬರ್ತಿದ್ದಾರೆ. ನಮ್ಮ ಭಾವನ ಕೊಡೆ ಯಾರ್ಯಾರ ಮನೇಲಿದೆ ಅಂತ ನೋಡ್ತಾರಂತೆ!"

ಬೀದಿಯವರ ಎದೆ ಧಸಕ್ ಅಂದಿತು. ದೊಡ್ಡವರು ಅಂದರೆ ಯಾರು? ಯಾರ ಮನೆಯಲ್ಲಿ ಕೊಡೆ ಇದೆ ಅಂತ ಯಾಕೆ ನೋಡಬೇಕು? ಸಂಜೆಯ ಹೊತ್ತಿಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ತೀರ್ಮಾನವಾಯಿತು: ಬರುವುದು ಕೋರ್ಟಿನವರು, ಜೊತೆಗೆ ಪೊಲೀಸರು, ಕೊಡೆ ಸಿಕ್ಕಿದವರನ್ನು ಕೊಡೆಯ ಸಮೇತ ಒಯ್ಯುತ್ತಾರೆ. ತೀರ್ಮಾನವಾದ ಮೇಲೆ ಎಲ್ಲರೂ ಏಕಕಾಲಕ್ಕೆ ತಲೆಯೆತ್ತಿ, ತಾವು ಯಾವುದರ ನೆರಳಿನಲ್ಲಿ ಕೂತಿದ್ದೇವೆಂದು ನೋಡಿದರು. ಬೆಂಚು ಖಾಲಿಯಾಯಿತು.

ಶುಕ್ರವಾರ ಬೆಳಗ್ಗೆ ಎದುರುಮನೆಯ ಗುಮಾಸ್ತರು ಕೊಡೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಎದೆಗವುಚಿಕೊಂಡು ಬಂದರು. "ತಗೊಳ್ಳಿ ರಾಯರೇ. ಕೊಡಬೇಕು ಕೊಡಬೇಕು ಅಂತ ಇಷ್ಟು ದಿನ ಅಂದ್ಕೋತಾನೇ ಇದ್ದೆ."

ಕೊಡೆರಾಯರು ಹೌಹಾರಿದರು. "ಅಯ್ಯೋ, ಬೇಡಿ ಸ್ವಾಮಿ! ಇಟ್ಕೊಳ್ಳಿ! ದಯವಿಟ್ಟು ನಿಮ್ಮ ಹತ್ರಾನೇ ಇರ್ಲಿ!"

ಗುಮಾಸ್ತರ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದ ಮನುಷ್ಯ. ಕೊಟ್ಟದ್ದನ್ನು ಬೇಡ ಅನ್ನುವವರು ಎಂಥ ಅಪಾಯದ ಜನ ಅಂತ ಅವರಿಗೆ ಗೊತ್ತಿತ್ತು. "ಇಟ್ಕೊಂಡಿರ್ಬೇಕಾ? ಭಾನುವಾರದವರೆಗೂನಾ?"

"ಹೌದು! ಭಾನುವಾರ ಅವರು ಬಂದಾಗ ಚೆನ್ನಾಗಿ ಕಾಣೋ ಹಾಗೆ ಹಿಡ್ಕೊಂಡು ನಿಂತಿರಿ!"

"ಓಹೋ, ಸಾಕ್ಷಿ ಸಮೇತ ಹಿಡಿಸೋ ಉಪಾಯ!" ಅಂದವರೇ ಕೊಡೆಯನ್ನು ಹೊಸ್ತಿಲ ಮೇಲೆ ಹಾಕಿ ಓಡಿದರು. ಕೊಡೆರಾಯರು ಕೊಡೆ ಹಿಡಿದು ಹಿಂದೆ ಓಡಿದರು. ಬೀದಿಯವರು ಕಿಟಕಿಯಿಂದ ನೋಡಿದರು: ಮರ್ಯಾದಸ್ಥ ಹಿರಿಯರೊಬ್ಬರನ್ನು ಕೊಡೆರಾಯರು ಕೊಡೆ ಬೀಸಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ಇನ್ನೇನು ಬೇಕು?

ಅವತ್ತಿನಿಂದ ಶುರುವಾಯಿತು ನೋಡಿ. ಬಾಗಿಲು ತಟ್ಟಿ ಕೊಟ್ಟವರು ಕೆಲವರು, ಕಾಂಪೌಂಡಿನ ಮೇಲಿಂದ ಎಸೆದವರು ಉಳಿದವರು. ಕೊಡೆರಾಯರು ಅಂಗಳದಲ್ಲಿ ನಿಂತು ಬಿದ್ದದ್ದನ್ನು ಬಿದ್ದ ಹಾಗೇ ಹೊರಕ್ಕೆ ಎಸೆದರು. ಹೊರಗಿನವರು ಮತ್ತೆ ಒಳಕ್ಕೆ ಎಸೆದರು. ಇವರು ಮನೆಮನೆಗೆ ಹೋಗಿ ಕೈಮುಗಿದರು. ಅಂದು ಯಾವ ಬಾಗಿಲುಗಳ ಮುಂದೆ ನಿಂತು "ವಾಪಸ್ ಕೊಡಿ" ಅಂತ ಬೇಡಿದ್ದರೋ, ಅದೇ ಬಾಗಿಲುಗಳ ಮುಂದೆ ನಿಂತು "ವಾಪಸ್ ಕೊಡಬೇಡಿ" ಅಂತ ಗೋಗರೆದರು. ಅಂದೂ ಯಾರೂ ಕೇಳಲಿಲ್ಲ, ಇಂದೂ ಯಾರೂ ಕೇಳಲಿಲ್ಲ. ಇವರು ಕೈಮುಗಿದಷ್ಟೂ ಜನ ಹೆದರಿದರು. ಬೇರೆ ಬಡಾವಣೆಯಿಂದ ಒಬ್ಬಾಕೆ ಆಟೋ ಮಾಡಿಕೊಂಡು ಬಂದು, ಕೊಡೆ ಒಪ್ಪಿಸಿ, "ಸತ್ತುಹೋದ ನಮ್ಮ ಮಾವನವರು ತಂದಿದ್ದು, ನಮಗೇನೂ ಗೊತ್ತಿಲ್ಲ," ಅಂತ ಕಣ್ಣೀರು ಹಾಕಿ ಹೋದರು.

"ಎಂಥಾ ಜನ ಕಣೇ ಇವರು!" ಕೊಡೆರಾಯರು ಅಂಗಳದ ಕೊಡೆರಾಶಿಯ ಮುಂದೆ ಕೂಗಾಡಿದರು. "ಪ್ರಾಮಾಣಿಕರಾಗಿ ಅಂತ ಅತ್ತು ಬೇಡ್ಕೊಂಡಾಗ ಕಳ್ಳರಾಗಿದ್ರು. ಕಳ್ಳರಾಗೇ ಇರಿ ಅಂತ ಬೇಡ್ಕೊಂಡ್ರೆ ಈಗ ಪ್ರಾಮಾಣಿಕರಾಗ್ತಾರಲ್ಲ! ಇವರಿಗೆ ನನ್ನ ಮೇಲೆ ಏನು ಹಗೆ?"

ಹೆಂಡತಿ ರಾಶಿಯಿಂದ ಒಂದು ಕೊಡೆ ಎತ್ತಿ ಬಿಡಿಸಿ, ತಾನು ಹಾಕಿದ್ದ ಹೊಲಿಗೆ ಇನ್ನೂ ಬಿಟ್ಟಿಲ್ಲ ಅಂತ ನೋಡಿ, ಮಡಚಿ ಇಟ್ಟಳು.

ಭಾನುವಾರ ಏಳುಸೋಲಿನವರು ಬಂದರು, ಫೋಟೋ ತೆಗೆಯುವವನನ್ನೂ ಕರೆತಂದಿದ್ದರು. ಸಾಲದ್ದಕ್ಕೆ ಮಳೆಯೂ ಬಂತು. ಕೊಡೆಗಳು ಅರಳಬೇಕಾದ ಮಳೆ! ಆದರೆ ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ಒಂದು ಕೊಡೆ ಇಲ್ಲ. ಜನ ತಲೆಯ ಮೇಲೆ ಪೇಪರು, ಮೊರ, ಮಣೆ, ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಓಡುತ್ತಿದ್ದರು. ಗುಮಾಸ್ತರು ತಲೆಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ಗೇಟಿನಲ್ಲಿ ನಿಂತಿದ್ದರು, ಅವರ ನಿರಪರಾಧಿತ್ವ ನೀರಾಗಿ ಇಳಿಯುತ್ತಿತ್ತು.

ಏಳುಸೋಲಿನವರು ಕ್ಷೌರದಂಗಡಿಯವನನ್ನು ಕೇಳಿದರು: "ನೀವು ಇವರ ಹಸಿರು ಕೊಡೆ ಬಳಸ್ತೀರಾ?"

"ದೇವರಾಣೆ ಇಲ್ಲ ಸರ್! ನಾನು ಹುಟ್ಟಿದಾಗಿನಿಂದ ಹಸಿರು ಬಣ್ಣಾನೇ ನೋಡಿಲ್ಲ!"

"ಹೇಳೋ, ನಿಜ ಹೇಳೋ!" ಕೊಡೆರಾಯರು ಅವನ ಭುಜ ಹಿಡಿದು ಅಲುಗಿಸಿದರು. "ನೀನು ಕದ್ದಿದ್ದೀಯ ಅಂತ ಹೇಳೋ! ನಿಂಗೆ ಕೈಮುಗೀತೀನಿ!"

"ನೋಡಿ ಸರ್, ಹೊಡೀತಿದ್ದಾರೆ," ಅಂದ ಕ್ಷೌರದವನು.

ಏಳುಸೋಲಿನವರು ಅಂಗಳದ ಕೊಡೆರಾಶಿ ನೋಡಿದರು. "ಯಜಮಾನರೇ, ಇದೇನು? ಎಲ್ಲಾ ನಿಮ್ಮಲ್ಲೇ ಇವೆಯಲ್ಲ. ಒಬ್ಬರೂ ಒಯ್ದೇ ಇಲ್ವಲ್ಲ," ಅಂದರು. ಅಷ್ಟು ಹೇಳಿ, ರಾಶಿಯಿಂದಲೇ ಒಂದು ಗಟ್ಟಿಮುಟ್ಟಾದ ಕೊಡೆ ಆರಿಸಿ, ಬಿಡಿಸಿಕೊಂಡು, ಕಾರಿನವರೆಗೆ ನೆನೆಯದೆ ಹೋಗಿ ಕೂತರು. ಕಾರು ಹೊರಟಿತು. ಕೊಡೆಯೂ ಹೊರಟಿತು.

ಸೋಮವಾರ ಬೆಳಗ್ಗೆ ಭಾವಮೈದುನ, "ಭಾವ, ಏಣಿ," ಅಂದ. ದಯವಿಟ್ಟು ಅನ್ನುವುದನ್ನೂ ಬಿಟ್ಟಿದ್ದ. ಊಟದ ಹೊತ್ತಿನ ಮಾತಿಗೆ ಹೊಸ ಅಧ್ಯಾಯವೇ ಸೇರಿತು. "ಮೊದಲ ಸಲ ಜನ ವಾಪಸ್ ಕೊಡದೆ ಮುಳುಗಿದ್ರಿ. ಎರಡನೇ ಸಲ ವಾಪಸ್ ಕೊಟ್ಟು ಮುಳುಗಿದ್ರಿ. ಇನ್ನು ನೀವು ಯಾವ ಕಡೆಯಿಂದ ತೇಲೋದು ಭಾವ?"

ಮರುವರ್ಷ ಸಮ್ಮೇಳನ ಮತ್ತೆ ಬಂತು. ಭಾವಮೈದುನನಿಗೆ ಮತ್ತೆ ಪಾಸು ಬಂತು, ಈ ಸಲ ಅಕ್ಕನಿಗೂ ಒಂದು ತಂದ. ಕೊಡೆರಾಯರು ಬರುವುದಿಲ್ಲ ಅಂದರು. "ನಾನು ನೋಡ್ಬೇಕು ಆ ಮನುಷ್ಯನ್ನ, ನಮ್ಮ ಕೊಡೆ ಎಲ್ಲಿ ಅಂತ ಕೇಳ್ಬೇಕು," ಅಂತ ಹೆಂಡತಿಯೇ ಎಳೆದುಕೊಂಡು ಹೋದಳು.

ಬೂದು ಗಡ್ಡದವರು ವೇದಿಕೆಗೆ ಬಂದರು. ಸುಮ್ಮನೆ ನಿಂತರು. ಎಂಟು ಬೆರಳು ಎತ್ತಿದರು.

"ಎಂಟನೆಯದರ ಬಗ್ಗೆ ಇಂದು ಮೊದಲ ಸಲ ಮಾತಾಡ್ತಿದ್ದೀನಿ," ಅಂದರು. "ಒಂದು ಸಣ್ಣ ಅಂಗಡಿ. ಬಸ್ ನಿಲ್ದಾಣದ ಪಕ್ಕ. ನಾನು ಜನರನ್ನ ನಂಬಿ ಕೊಡೆ ಕೊಟ್ಟೆ. ಗಿಳಿಹಸಿರು ಬಣ್ಣದ ಕೊಡೆ. ಬೆಳಗ್ಗೆ ಒಯ್ದರು, ಸಂಜೆ ತರಲಿಲ್ಲ. ಮಳೆಯಲ್ಲಿ ನಾನು ನೆನೆದುಕೊಂಡು ನಿಂತಿದ್ದೆ, ನನ್ನ ಕೊಡೆಗಳು ನನ್ನ ಮುಂದೆಯೇ ಹೋಗ್ತಿದ್ವು…"

ಸಭಾಂಗಣದಲ್ಲಿ ಮೂಗು ಸೀಟುವ ಸದ್ದು. ಕೊಡೆರಾಯರು ಮುಂದಿನ ಕುರ್ಚಿಯ ಬೆನ್ನು ಹಿಡಿದರು. ಅಯ್ಯೋ ಪಾಪಿ! ಕೊಡೆ ಒಯ್ದ, ಹಾಳಾಗಿಹೋಗಲಿ. ಈ ಬಡಪಾಯಿ ಜೀವಮಾನದಲ್ಲಿ ತನ್ನದು ಅಂತ ಮಾಡಿಕೊಂಡದ್ದು ಅದೊಂದು ಸೋಲು. ಅದನ್ನೂ ಬಿಡಲಿಲ್ಲವಲ್ಲ!

"ಅದು ನಂದು!" ಕೊಡೆರಾಯರು ಎದ್ದು ಕಿರುಚಿದರು. "ಅದು ನನ್ನ ಸೋಲು!"

ಏಳುಸೋಲಿನವರು, ಈಗ ಎಂಟುಸೋಲಿನವರು, ಎದೆಯ ಮೇಲೆ ಕೈಯಿಟ್ಟುಕೊಂಡರು. "ನೋಡಿ, ಕೇಳಿದ ಪ್ರತಿಯೊಬ್ಬರಿಗೂ ಇದು ತಮ್ಮದೇ ಅನಿಸುತ್ತೆ." ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಭಾವುಕರಾಗಿ "ನಂದೂ ಹೌದು!" ಅಂದರು. ಇನ್ನೊಂದು ಮೂಲೆಯಿಂದ "ನಂದೂ!" ಅಂತ ಬಂತು. ಕ್ಷಣದಲ್ಲಿ ಕೊಡೆರಾಯರ ಸೋಲಿಗೆ ಸಾವಿರ ಜನ ಮಾಲೀಕರಾದರು.

ಆಗ ಕುರ್ಚಿಯ ಮೇಲೆ ಹತ್ತಿದವನು ಯಾರು ಅಂತೀರಿ? ಭಾವಮೈದುನ! ಮುಖ ಕೆಂಡ, ಕೊರಳಿನ ಪಾಸು ಹಿಂದಕ್ಕೆ ತಿರುಗಿಹೋಗಿದೆ.

"ಏಯ್, ಮೈಕ್ ಕೆಳಗಿಡಯ್ಯ! ಯಾರ ಸೋಲನ್ನ ಯಾರು ಹೇಳ್ಕೊಳ್ಳೋದು? ಮುಳುಗಿದ್ದು ನಮ್ಮ ಭಾವ! ಕಣ್ಣಾರೆ ಕಂಡಿದ್ದೀನಿ ನಾನು! ಊಟಕ್ಕೆ ಕೂತಾಗಲೆಲ್ಲ ಇವರನ್ನ ಹಂಗಿಸಿದ್ದೀನಿ, ಇವರು ಒಂದು ಮಾತಾಡದೆ ಕೇಳಿದ್ದಾರೆ. ನಿನ್ನನ್ನ ಯಾರಯ್ಯಾ ಹಂಗಿಸಿದ್ರು? ನೀನು ಯಾವ ಮೈದುನನ ಅಂಗಡೀಲಿ ಏಣಿ ಹತ್ತಿದ್ದೀಯ?"

"ಆ ಕೊಡೆಗಳನ್ನ ಹೊಲಿದಿದ್ದು ನಾನು!" ಅಕ್ಕನೂ ಎದ್ದಳು. "ಒಂದಕ್ಕೆ ಎಷ್ಟು ಕಡ್ಡಿ ಇತ್ತು, ಹೇಳಲಿ ಆ ಮನುಷ್ಯ!"

ಬೂದು ಗಡ್ಡದವರು ತಮ್ಮ ಎಂಟು ಬೆರಳನ್ನೇ ನೋಡಿಕೊಂಡರು. ಅವೂ ಸಹಾಯಕ್ಕೆ ಬರಲಿಲ್ಲ. ಸ್ವಯಂಸೇವಕರು ಓಡಿ ಬಂದು ಮೂವರನ್ನೂ ನಯವಾಗಿ ಬಾಗಿಲ ಕಡೆ ತಳ್ಳತೊಡಗಿದರು. ಭಾವಮೈದುನ ಕುರ್ಚಿಯಿಂದ ಇಳಿಯುವಾಗಲೂ ಅತ್ತ ಬೆರಳು ತೋರಿಸುತ್ತಲೇ ಇದ್ದ. ಹೊರಗೆ ಹೆಸರು ಬರೆದುಕೊಳ್ಳುವ ಮೇಜಿನ ಹುಡುಗಿ ಗಾಬರಿಯಿಂದ ಎದ್ದು, ಕೊಡೆರಾಯರನ್ನು ತೋರಿಸಿ, "ಇವರು ಯಾರು ಸರ್?" ಅಂತ ಕೇಳಿದಳು.

ಭಾವಮೈದುನ ಏದುಸಿರು ಬಿಡುತ್ತಾ ಅವರ ಹೆಗಲ ಮೇಲೆ ಕೈ ಹಾಕಿದ. "ನಮ್ಮ ಭಾವನವರು. ಕೊಡೆ ವ್ಯಾಪಾರದಲ್ಲಿ ಮುಳುಗಿದವರು."

ಕೊಡೆರಾಯರು ಚಪ್ಪಲಿ ನೋಡಿಕೊಳ್ಳಲಿಲ್ಲ. ಆ ಹುಡುಗಿಯ ಮುಖವನ್ನೇ ನೇರ ನೋಡಿದರು.

"ಪೂರ್ತಿ ಮುಳುಗಿದವರು ಅಂತ ಹೇಳಯ್ಯ," ಅಂದರು.